ಮಗಳಿಗೆ ನಾನು ಕೊಟ್ಟ ಕೋಚಿಂಗ್

ನನ್ನ ಹೊಟ್ಟೆಪಾಡೇ ಕೋಚಿಂಗ್. ದಿಲ್‌ಸುಖ್‌ನಗರದ ಒಂದು ಕಟ್ಟಡ. ಕೆಳಗೆ ಚಪ್ಪಲಿ ಅಂಗಡಿ, ಮೇಲೆ ಹುಡುಗಿಯರ ಹಾಸ್ಟೆಲ್, ನಡುವಿನ ಮಹಡಿಯಲ್ಲಿ ನಮ್ಮ ಕ್ಲಾಸು. ಬ್ಯಾಂಕು, ರೈಲ್ವೆ, ಪೊಲೀಸು ಎಂದು ಪರೀಕ್ಷೆ ಬರೆಯಲು ಜಿಲ್ಲೆ ಜಿಲ್ಲೆಗಳಿಂದ ಬಂದವರಿಗೆ ಲೆಕ್ಕ ಹೇಳಿಕೊಡುವುದು ನನ್ನ ಕೆಲಸ. ತೆಲುಗಿನಲ್ಲಿ ಬೈಯುತ್ತೇನೆ, ಹಿಂದಿಯಲ್ಲಿ ರಮಿಸುತ್ತೇನೆ, ಮನೆಗೆ ಬಂದು ರಾಯಚೂರು ಕಡೆಯ ಕನ್ನಡದಲ್ಲಿ ಸುಸ್ತು ತೋಡಿಕೊಳ್ಳುತ್ತೇನೆ. ನನ್ನ ಶಾಸ್ತ್ರ ಒಂದೇ: ಎಂಥ ಪರೀಕ್ಷೆಯಾದರೂ ಹಳೆಯ ಪ್ರಶ್ನೆಪತ್ರಿಕೆ ತಂದು ಹತ್ತು ಸಲ ಬಿಡಿಸಿದರೆ ಅದರ ಸೊಕ್ಕು ಮುರಿಯುತ್ತದೆ. ಈ ಶಾಸ್ತ್ರವನ್ನು ಎಂಟು ವರ್ಷದ ಮಗಳ ಮೇಲೆ ಪ್ರಯೋಗಿಸಿ ನಾನು ಮಾಡಿದ ಘನಂದಾರಿ ಕೆಲಸವನ್ನು ಹೇಳಬೇಕು. ಅದಕ್ಕಿಂತ ಹೆಚ್ಚಾಗಿ, ಅದರಿಂದ ನನಗೆ ಕಂಡದ್ದನ್ನು ಹೇಳಬೇಕು. ಇವತ್ತಿಗೂ ನೆನೆಸಿಕೊಂಡರೆ ಮೈ ಜುಮ್ಮೆನ್ನುತ್ತದೆ.

ಮಗಳು ಆಗ ಮೂರನೇ ಕ್ಲಾಸು. ವಾರ್ಷಿಕ ಪರೀಕ್ಷೆಗೆ ಒಂದೂವರೆ ತಿಂಗಳಿದ್ದಾಗ ಶಾಲೆಯಿಂದ ಫೋನ್ ಬಂತು. ಹೋದರೆ, ಆ ವರ್ಷವಷ್ಟೇ ಸೇರಿದ್ದ ವಿಶೇಷ ಶಿಕ್ಷಕಿ ನನ್ನನ್ನು ಕೂರಿಸಿಕೊಂಡು ಒಂದು ಹಾಳೆ ತೋರಿಸಿದರು. ಕ್ಲಾಸಿನ ಮಕ್ಕಳನ್ನೆಲ್ಲ ಒಬ್ಬೊಬ್ಬರಾಗಿ ಕರೆದು ಸ್ಕ್ರೀನಿಂಗ್ ಮಾಡಿದ್ದರಂತೆ. ಹೊಸದೊಂದು ಪುಟ ಓದಿಸುವುದು, ನಾಲ್ಕು ಸಾಲು ಬರೆಸುವುದು, ಟೀಚರುಗಳ ಹತ್ತಿರ ಕೇಳಿ ಗುರುತು ಹಾಕುವುದು. ನನ್ನ ಮಗಳ ಹಾಳೆಯ ತುಂಬ ಗುರುತುಗಳು.

"ಬಾಯಲ್ಲಿ ಕೇಳಿದರೆ ಇಡೀ ಕ್ಲಾಸಿಗೆ ಇವಳೇ ಮೊದಲು. ಬರೆಯೋಕೆ ಕೊಟ್ಟರೆ ಪೇಪರ್ ಖಾಲಿ. ಡಿಸ್ಲೆಕ್ಸಿಯಾ ಇರಬಹುದು ಅಂತ ನನಗೆ ಅನುಮಾನ. ನನ್ನದು ಬರೀ ಜರಡಿ ಹಿಡಿಯೋ ಕೆಲಸ. ಸರಿಯಾಗಿ ಪರೀಕ್ಷೆ ಮಾಡೋಕೆ ತಜ್ಞರ ಹತ್ತಿರ ಹೋಗಬೇಕು" ಎಂದರು ಆಕೆ.

ನನಗೆ ಸಿಟ್ಟು ನೆತ್ತಿಗೇರಿತು. "ಮನೇಲಿ ಪುಸ್ತಕ ಹಿಡಿದರೆ ಗಡಗಡ ಓದ್ತಾಳೆ ಮೇಡಂ. ದಿನಾ ನಾನೇ ಎದುರಿಗೆ ಕೂರಿಸಿಕೊಂಡು ಓದಿಸ್ತೀನಿ. ನಿಮ್ಮ ಮುಂದೆ ಹೆದರಿರಬೇಕು!"

ಆಕೆ ವಾದ ಮಾಡಲಿಲ್ಲ. ಬುದ್ಧಿಗೆ ಏನೂ ಕಡಿಮೆಯಿಲ್ಲದ ಮಕ್ಕಳಿಗೂ ಅಕ್ಷರ ಮತ್ತು ಸದ್ದು ಒಂದಕ್ಕೊಂದು ಬೇಗ ಕೂಡಿಕೊಳ್ಳದೆ ಇರಬಹುದು, ಅದು ಸೋಮಾರಿತನ ಅಲ್ಲ, ಯಾರ ತಪ್ಪೂ ಅಲ್ಲ ಎಂದು ಮೆಲ್ಲಗೆ ಹೇಳಿದರು. ಪಕ್ಕದ ಕೋಣೆಯ ಪ್ರಿನ್ಸಿಪಾಲ್ ಮಾತ್ರ ನೇರ ವಿಷಯಕ್ಕೆ ಬಂದರು. ಪರೀಕ್ಷೆಗೆ ಮುಂಚೆ ತಜ್ಞರ ವರದಿ ತಂದುಕೊಟ್ಟರೆ ಪ್ರಶ್ನೆ ಓದಿ ಹೇಳಲು ಒಬ್ಬರನ್ನು ಕೊಡುತ್ತಾರೆ, ಉತ್ತರ ಬಾಯಲ್ಲಿ ಹೇಳಬಹುದು. ವರದಿ ಇಲ್ಲದಿದ್ದರೆ ಖಾಲಿ ಪೇಪರಿಗೆ ಅಂಕ ಕೊಡಲಾಗುವುದಿಲ್ಲ, ಮತ್ತೆ ಮೂರನೇ ಕ್ಲಾಸಿನಲ್ಲೇ ಕೂರಬೇಕು.

ಮನೆಗೆ ಬಂದು ಗಂಡನ ಮುಂದೆ ಹೇಳಿದೆ. ಅವರು ಬಾಲಾನಗರದ ಒಂದು ವರ್ಕ್‌ಶಾಪಿನಲ್ಲಿ ಕಬ್ಬಿಣ ಕಡೆಯುವ ಲೇತ್ ಯಂತ್ರದ ಮೇಲೆ ಕೆಲಸ ಮಾಡುವವರು, ಮಾತು ಕಡಿಮೆ. ಆವತ್ತು ಮಾತಾಡಿದರು.

"ಮನ್ಯಾಗ ಕನ್ನಡ, ಓಣ್ಯಾಗ ತೆಲುಗು, ಬಾಜೂ ಮನ್ಯಾಗ ಹಿಂದಿ, ಸಾಲ್ಯಾಗ ಇಂಗ್ಲಿಷು. ನಾಕು ಭಾಷಾ ಒಂದ ತಲ್ಯಾಗ ತುರಕಿದ್ರ ಯಾವ ಕೂಸು ತಡಬಡಸೂದಿಲ್ಲ? ದೊಡ್ಡಕ್ಯಾದ್ರ ಸರಿಹೋಗ್ತೈತಿ ಬಿಡು."

"ದೊಡ್ಡಕ್ಯಾಗೂತನಾ ಸಾಲಿಯವ್ರು ಕಾಯಂಗಿಲ್ರೀ" ಎಂದೆ.

ಬಾಗಿಲಲ್ಲಿ ಮಗಳು ನಿಂತಿದ್ದು ನಮಗೆ ಗೊತ್ತಾಗಲಿಲ್ಲ. "ನಾ ಮತ್ತ ಥರ್ಡ್ ಕ್ಲಾಸಿನ್ಯಾಗ ಕುಂದರಬೇಕೇನವ್ವಾ? ಸಣ್ಣ ಹುಡುಗರ ಕೂಡ?" ಎಂದಳು. ಅಳಲಿಲ್ಲ. ಅತ್ತಿದ್ದರೆ ಗದರಿಸಿ ಸುಮ್ಮನಾಗಿಸುತ್ತಿದ್ದೆ. ಸುಮ್ಮನೆ ನಿಂತು ನನ್ನ ಮುಖ ನೋಡಿದಳು. ಕ್ಲಾಸಿನಲ್ಲಿ ಎಲ್ಲರಿಗಿಂತ ಎತ್ತರ ಅವಳೇ, ಕೊನೆಯ ಸಾಲಿನ ಹುಡುಗಿ. ಸಣ್ಣ ಮಕ್ಕಳ ನಡುವೆ ಅವಳನ್ನು ಕೂರಿಸಿದ್ದು ನನ್ನ ಕಣ್ಣಿಗೆ ಕಟ್ಟಿತು.

"ಕುಂದರಾಕ ಬಿಡ್ತೀನೇನು? ನಾ ಅದೀನಿ" ಎಂದೆ.

ತಜ್ಞರ ಹತ್ತಿರ ಎರಡು ವಾರದ ನಂತರದ ಸಮಯ ಸಿಕ್ಕಿತು. ಇಲ್ಲಿಂದ ನನ್ನ ಜಾಣತನ ಶುರು. ಪರೀಕ್ಷೆ ಎಂದರಲ್ಲ, ಪರೀಕ್ಷೆ ಎಂದ ಮೇಲೆ ಅದಕ್ಕೊಂದು ಸಿಲೆಬಸ್ ಇರಲೇಬೇಕು! ಶಾಲೆಯ ತಾಯಂದಿರ ವಾಟ್ಸಾಪ್ ಗುಂಪಿನಲ್ಲಿ ಕೇಳಿದೆ, ಅವರಿವರ ನೆಂಟರ ಮಕ್ಕಳಿಗೆ ಏನೇನು ಕೇಳಿದ್ದರು ಎಂದು ಕೆದಕಿದೆ, ಇಂಟರ್ನೆಟ್ಟೆಲ್ಲ ಜಾಲಾಡಿದೆ. ಬಣ್ಣದ ಚೌಕಗಳನ್ನು ಚಿತ್ರದಂತೆ ಜೋಡಿಸುವುದು, ಅಂಕಿಗಳನ್ನು ಹಿಂದುಮುಂದಾಗಿ ಹೇಳುವುದು, ಅರ್ಥವೇ ಇಲ್ಲದ ಪದಗಳ ಪಟ್ಟಿ ಓದುವುದು. ಕೊನೆಯದನ್ನು ಕಂಡು ನಕ್ಕುಬಿಟ್ಟೆ. ಜಗತ್ತಿನಲ್ಲಿ ಇಲ್ಲದ ಪದವನ್ನು ಓದಿಸಿ ಇವರು ಏನು ಕಂಡುಹಿಡಿಯುತ್ತಾರೆ? ಆದರೂ ಸಿಲೆಬಸ್ಸು ಸಿಲೆಬಸ್ಸೇ. ಎಲ್ಲ ಪ್ರಿಂಟ್ ತೆಗೆಸಿ ಫೈಲು ಮಾಡಿದೆ.

ದಿನಾ ಸಂಜೆ ಅವಳು ಶಾಲೆಯಿಂದ ಬಂದು ಹಾಲು ಕುಡಿದ ಕೂಡಲೇ ಕೋಚಿಂಗ್. ನಾನು ಒಂದು ಸಲ ಓದುವುದು, ಅವಳು ಎರಡು ಸಲ ಓದುವುದು. ಒಂದನೇ ಕ್ಲಾಸಿನಿಂದಲೂ ನಮ್ಮ ಮನೆಯ ಪದ್ಧತಿ ಅದೇ. ಅರ್ಥವಿಲ್ಲದ ಪದಗಳ ಪಟ್ಟಿಯನ್ನು ಸಂಜೆ ಓದಿ ತೋರಿಸಿದರೆ, ಮರುದಿನ ಅವಳೇ ಹಾಳೆಯ ಮೇಲೆ ಬೆರಳಿಟ್ಟು ಸರಾಗವಾಗಿ ಓದಿಬಿಟ್ಟಳು. ನಾನು ಹಿಗ್ಗಿ ಹೀರೇಕಾಯಿಯಾದೆ. "ನೋಡ್ರೀ, ಎಲ್ಲಿ ಡಿಸ್ಲೆಕ್ಸಿಯಾ? ಫಸ್ಟ್ ಕ್ಲಾಸಿನ್ಯಾಗ ಪಾಸಾಗ್ತಾಳ" ಎಂದು ಗಂಡನಿಗೆ ತೋರಿಸಿದೆ. ಈ ಪರೀಕ್ಷೆಯಲ್ಲಿ ಪಾಸಾದರೆ ಶಾಲೆಯಲ್ಲಿ ಫೇಲಾಗುತ್ತಾಳೆ ಎನ್ನುವ ಸರಳ ಲೆಕ್ಕ ಲೆಕ್ಕದ ಟೀಚರಿಗೆ ಹೊಳೆಯಲಿಲ್ಲ. ಊರಿಗೆಲ್ಲ ಬುದ್ಧಿ ಹೇಳುವವರ ಹಣೆಬರಹವೇ ಇಷ್ಟು.

ಮೊದಲು ಕಣ್ಣು ಮತ್ತು ಕಿವಿಯ ಪರೀಕ್ಷೆ ಮಾಡಿಸಿಕೊಂಡು ಬನ್ನಿ ಎಂದಿದ್ದರು, ಮಾಡಿಸಿದೆವು. ಎರಡೂ ಚೆನ್ನಾಗಿದ್ದವು. ಆಮೇಲೆ ಆ ದಿನ ಬಂತು. ತಜ್ಞೆ ಐವತ್ತು ದಾಟಿದ ಹೆಂಗಸು, ಗಂಜಿ ಹಾಕಿದ ಕಾಟನ್ ಸೀರೆ, ಮಾತು ಮೆದು. ತಾಯಂದಿರನ್ನು ಸಾಮಾನ್ಯವಾಗಿ ಒಳಗೆ ಬಿಡುವುದಿಲ್ಲವಂತೆ. ಮಗಳು ನನ್ನ ಸೆರಗು ಬಿಡದ್ದರಿಂದ ಬಾಗಿಲ ಹತ್ತಿರದ ಕುರ್ಚಿ ತೋರಿಸಿ, ಬಾಯಿ ಬಿಚ್ಚಬಾರದು ಎಂದು ತುಟಿಯ ಮೇಲೆ ಬೆರಳಿಟ್ಟು ಹೇಳಿದರು.

ಮಗಳು ಜೋರಾಗಿಯೇ ಆಡಿದಳು. ಚೌಕಗಳನ್ನು ತೆಗೆಯುತ್ತಲೇ ಕೈ ಹಾಕಿದಳು. ನಾನು ಕುರ್ಚಿಯ ತುದಿಗೆ ಬಂದಿದ್ದೆ. ಕೊನೆಗೆ ತಜ್ಞೆ ಒಂದು ಕಾರ್ಡನ್ನು ಬೋರಲಾಗಿ ಮೇಜಿನ ಮೇಲಿಟ್ಟು, "ಈಗ ನಿನಗೆ ಎಲ್ಲೂ ಇಲ್ಲದ ಪದಗಳನ್ನು ತೋರಿಸ್ತೀನಿ" ಎಂದು ಇಂಗ್ಲಿಷಿನಲ್ಲಿ ಹೇಳಿದರು. ಅವರು ಅದನ್ನು ತಿರುಗಿಸುವ ಮೊದಲೇ ಮಗಳು ನನ್ನ ಪಟ್ಟಿಯನ್ನು ತಲೆಯಿಂದ ಬುಡದ ತನಕ ಒಂದೂ ಬಿಡದೆ ಒಪ್ಪಿಸಿದಳು.

ತಜ್ಞೆ ಕಾರ್ಡು ತಿರುಗಿಸಿದರು. ಅದರಲ್ಲಿ ಬೇರೆ ಪದಗಳಿದ್ದವು. ಮಗಳು ಅದನ್ನು ನೋಡಿದಳು, ನನ್ನ ಕಡೆ ನೋಡಿದಳು. ಆಮೇಲೆ ಕಾರ್ಡಿನ ಮೇಲೆ ಬೆರಳಿಟ್ಟು, ನಿಧಾನಕ್ಕೆ, ಮತ್ತೆ ನನ್ನ ಪಟ್ಟಿಯನ್ನೇ ಹೇಳತೊಡಗಿದಳು.

"ಏಮಮ್ಮಾ, ಇಂಟ್ಲೋ ಪ್ರಾಕ್ಟೀಸ್ ಚೇಯಿಂಚಾರಾ?" ಎಂದು ತಜ್ಞೆ ನನ್ನ ಕಡೆ ತಿರುಗಿ ಕೇಳಿದರು. ಮನೆಯಲ್ಲಿ ಪ್ರಾಕ್ಟೀಸ್ ಮಾಡಿಸಿದಿರಾ ಎಂದು.

"ಸ್ವಲ್ಪ" ಎಂದೆ. ನನ್ನ ಫೈಲು ಇನ್ನೂ ತೊಡೆಯ ಮೇಲೇ ಇತ್ತು. ಅವರು ಪೆನ್ನಿಗೆ ಕ್ಯಾಪು ಹಾಕಿದರು.

ಮಗಳನ್ನು ಹೊರಗೆ ಆಟದ ಸಾಮಾನುಗಳ ಹತ್ತಿರ ಕಳಿಸಿ ನನಗೆ ಹೇಳಿದರು: ಹೊಸದು ಎದುರಾದಾಗ ಮಗು ಏನು ಮಾಡುತ್ತದೆ ಎಂದು ನೋಡುವುದೇ ಇಲ್ಲಿಯ ಕೆಲಸ. ಮೊದಲೇ ಹೇಳಿಕೊಟ್ಟು ತಂದರೆ, ಥರ್ಮಾಮೀಟರಿಗೆ ಐಸು ಹಿಡಿದು ಜ್ವರ ಇಲ್ಲ ಎಂದ ಹಾಗೆ. ಒಂದು ಸಲ ಕೆಟ್ಟ ಪರೀಕ್ಷೆಯನ್ನು ಕೂಡಲೇ ಮತ್ತೆ ಮಾಡಲು ಬರುವುದಿಲ್ಲ, ತಿಂಗಳುಗಟ್ಟಲೆ ಕಾಯಬೇಕು. ಕಾದರೆ ವಾರ್ಷಿಕ ಪರೀಕ್ಷೆ ಮುಗಿದೇ ಹೋಗುತ್ತದೆ.

ನಾನು ಮೊದಲು ಜಗಳಕ್ಕೇ ನಿಂತೆ. ಮಗುವಿಗೆ ಹೇಳಿಕೊಡುವುದೂ ತಪ್ಪೇ ಎಂದು ಕೇಳಿದೆ. ಗಾಜಿನ ಬಾಗಿಲ ಆಚೆ ಮಗಳು ಮರದ ಒಗಟನ್ನು ಜೋಡಿಸುತ್ತ ಕೂತಿದ್ದಳು. ಇಷ್ಟು ಎತ್ತರದ ಹುಡುಗಿಯನ್ನು ಸಣ್ಣ ಮಕ್ಕಳ ಸಾಲಿಗೆ ನೂಕಿದ್ದು ಶಾಲೆಯೂ ಅಲ್ಲ, ಇವರೂ ಅಲ್ಲ, ನಾನೇ, ನನ್ನ ಕೈಯಾರೆ. ಆ ಹೊತ್ತಿನಲ್ಲಿ ನನ್ನ ಮೇಲೆ ನನಗೆ ಬಂದಷ್ಟು ಸಿಟ್ಟು ಯಾವ ವಿದ್ಯಾರ್ಥಿಯ ಮೇಲೂ ಬಂದಿರಲಿಲ್ಲ.

ತಜ್ಞೆ ಮಾತ್ರ ಬೇರೇನೋ ಯೋಚಿಸುತ್ತಿದ್ದರು. "ಆ ಪಟ್ಟಿ ಕಲಿಯೋಕೆ ಎಷ್ಟು ದಿನ ಹಿಡಿಯಿತು?" ಎಂದು ಕೇಳಿದರು.

"ಒಂದೇ ದಿನ. ಒಂದು ಸಲ ಓದಿ ತೋರಿಸಿದ್ದಷ್ಟೇ."

ಅವರು ನನ್ನ ಮಾದರಿ ಪದಗಳ ಹಾಳೆಯನ್ನು ಫೈಲಿನಿಂದ ಇಸಿದುಕೊಂಡು ಮೇಲಿಂದ ಕೆಳಗೆ ಎರಡು ಸಲ ನೋಡಿದರು. "ಅರ್ಥ ಇಲ್ಲದ್ದನ್ನು ಇಷ್ಟು ನೆನಪಿಡೋದು ನನಗೂ ಆಗಲ್ಲ" ಎಂದರು. ಬೇರೆ ಪರೀಕ್ಷೆಗಳ ಇನ್ನೊಂದು ಸೆಟ್ಟು ಇದೆ, ಉಳಿಸಿಕೊಳ್ಳಲು ಆಗುವುದನ್ನು ಉಳಿಸಿಕೊಳ್ಳೋಣ, ಮುಂದಿನ ವಾರ ಶಾಲೆಯ ಪಠ್ಯಪುಸ್ತಕಗಳನ್ನೆಲ್ಲ ತೆಗೆದುಕೊಂಡು ಬನ್ನಿ, ಅಲ್ಲಿಯ ತನಕ ಅವಳಿಗೆ ಏನನ್ನೂ ಓದಿ ಹೇಳಬೇಡಿ ಎಂದರು. ಒಂದು ವಾರ ಕೋಚಿಂಗ್ ಇಲ್ಲದೆ ಬದುಕುವುದು ನನಗೆ ವನವಾಸವೇ ಆಯಿತು. ಸಂಜೆಯಾದರೆ ಬೇಳೆ ಆರಿಸುವುದು, ಬಟ್ಟೆ ಮಡಿಸುವುದು, ಬಾಯಿ ಬಿಗಿಹಿಡಿಯುವುದು.

ಎರಡನೇ ಸಲ ಹೋದಾಗ ಮೊದಲು ಹೊಸ ಸೆಟ್ಟಿನ ಪರೀಕ್ಷೆಗಳಾದವು. ನಾನು ನೋಡಿರದವು, ಅವಳೂ ನೋಡಿರದವು. ಮಗಳು ಹಾಳೆಯ ಮೇಲೆ ಬೆರಳಿಟ್ಟು ಮತ್ತೆ ಮತ್ತೆ ನನ್ನ ಕಡೆಗೇ ನೋಡುತ್ತಿದ್ದಳು. ಆಮೇಲೆ ತಜ್ಞೆ ಪರಿಸರದ ಪುಸ್ತಕ ತೆಗೆದು ಬಾವಿಯ ಚಿತ್ರವಿದ್ದ ಪುಟ ಬಿಚ್ಚಿದರು. "ಇದನ್ನು ಓದು ಕಂದಾ."

ಮಗಳ ಮುಖ ಅರಳಿತು. ಬೆರಳು ಸಾಲಿನ ಮೇಲೆ ಹರಿಯುತ್ತಿತ್ತು, ಬಾಯಲ್ಲಿ ಇಂಗ್ಲಿಷು ನೀರಿನಂತೆ ಬರುತ್ತಿತ್ತು. ನೋಡಿ, ನಾನು ಹೇಳಲಿಲ್ಲವೇ ಎನ್ನುವ ಹಾಗೆ ನಾನು ತಜ್ಞೆಯ ಕಡೆ ನೋಡಿದೆ. ಅವರು ಬೆರಳನ್ನೇ ನೋಡುತ್ತಿದ್ದರು. ಪುಟದ ನಡುವಿಗೆ ಬಂದಾಗ ಮಗಳ ಬೆರಳು ಒಂದು ಇಡೀ ಪ್ಯಾರಾವನ್ನು ದಾಟಿ ಕೆಳಗಿನದಕ್ಕೆ ಹೋಯಿತು. ಎಡವಲಿಲ್ಲ, ನಿಲ್ಲಲಿಲ್ಲ, ದನಿಯೂ ಬದಲಾಗಲಿಲ್ಲ.

"ಇನ್ನೊಂದು ಸಲ ಓದು" ಎಂದರು. ಮತ್ತೆ ಅದೇ ಪ್ಯಾರಾ ಬಿಟ್ಟುಹೋಯಿತು.

"ಇದನ್ನು ಯಾಕೆ ಬಿಟ್ಟೆ?"

"ಯಾವುದು?" ಎಂದಳು ಮಗಳು. ಅವಳಿಗೆ ನಿಜವಾಗಿಯೂ ಗೊತ್ತಿರಲಿಲ್ಲ.

ನನಗೆ ಗೊತ್ತಿತ್ತು. ಆ ಪ್ಯಾರಾವನ್ನು ಬಿಟ್ಟವಳು ನಾನು. ಪರೀಕ್ಷೆಗೆ ಬಾರದ ಭಾಗವನ್ನು ಹಾರಿಸಿ ಓದುವುದು ನನ್ನ ಹಳೆಯ ಚಾಳಿ. ಬಾವಿಯ ಕಟ್ಟೆಯ ಬಗ್ಗೆ ಯಾರೂ ಪ್ರಶ್ನೆ ಕೇಳುವುದಿಲ್ಲ ಎಂದು ಜೂನ್‌ನಲ್ಲೋ ಜುಲೈನಲ್ಲೋ ಒಂದು ಸಂಜೆ ನಾನು ದಾಟಿ ಹೋಗಿದ್ದೆ. ಏಳೆಂಟು ತಿಂಗಳ ಹಿಂದೆ ನಾನು ಒಂದು ಸಲ ಓದಿದ್ದು, ನಾನು ಬಿಟ್ಟದ್ದು ಬಿಟ್ಟ ಜಾಗದಲ್ಲೇ, ಅವಳ ಬಾಯಲ್ಲಿತ್ತು. ಅವಳು ಪುಟವನ್ನು ಓದುತ್ತಿರಲಿಲ್ಲ. ನನ್ನನ್ನು ಒಪ್ಪಿಸುತ್ತಿದ್ದಳು.

ತಜ್ಞೆ ಇನ್ನೊಂದು ಪುಟ ತೆರೆದರು, ಮತ್ತೊಂದು ಪುಸ್ತಕ ತೆರೆದರು. ತೆಲುಗು, ಹಿಂದಿ, ಲೆಕ್ಕದ ಪುಸ್ತಕದ ಕಥೆಯ ಲೆಕ್ಕಗಳು ಸಹ. ಚಿತ್ರ ಕಂಡರೆ ಸಾಕು, ಪಾಠ ಹರಿದು ಬರುತ್ತಿತ್ತು. ಚಿತ್ರದ ಮೇಲೆ ಅಂಗೈ ಇಟ್ಟು ಮುಚ್ಚಿದರೆ ಮಗಳು ಸುಮ್ಮನಾಗುತ್ತಿದ್ದಳು. ಕೈ ತೆಗೆದರೆ ಮತ್ತೆ ಶುರು. ಹಿಂದಿಯ ಒಂದು ಪಾಠದ ನಡುವೆ ಇದ್ದಕ್ಕಿದ್ದಂತೆ ನಿಂತಳು.

"ಮರೆತುಹೋಯಿತಾ?" ಎಂದರು ತಜ್ಞೆ.

"ಇಲ್ಲ. ಇಲ್ಲಿ ಅವ್ವ ಕುಕ್ಕರ್ ಇಳಸಾಕ ಹೋಗಿದ್ಲು" ಎಂದು ಮಗಳು ನನ್ನ ಕಡೆ ತಿರುಗಿ ಕನ್ನಡದಲ್ಲಿ ಹೇಳಿ, ಪಾಠ ಮುಂದುವರಿಸಿದಳು.

ನಗಬೇಕೋ ಅಳಬೇಕೋ ತಿಳಿಯಲಿಲ್ಲ. ಅವಳು ಹೇಳಿದ್ದನ್ನು ನಾನು ತೆಲುಗಿನಲ್ಲಿ ತಜ್ಞೆಗೆ ತಿಳಿಸಿದೆ. ಅವರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. ನೆನಪಿನ ಬಲದಲ್ಲಿ ಒಂದಿಷ್ಟು ದಿನ ತಳ್ಳುವ ಮಕ್ಕಳನ್ನು ನೋಡಿದ್ದೇನೆ, ಇಷ್ಟು ಪುಸ್ತಕ, ಇಷ್ಟು ಭಾಷೆ, ಹೀಗೆ ಹೊತ್ತುಕೊಂಡು ನಡೆದ ಮಗುವನ್ನು ನೋಡಿಲ್ಲ ಎಂದರು. ನಾನು ಮಗಳನ್ನು ಮೊದಲ ಸಲ ನೋಡುವವಳಂತೆ ನೋಡಿದೆ. ಎರಡು ಜಡೆ, ಮೂಗಿನ ಮೇಲೆ ಬೆವರು, ಕಿತ್ತುಹೋದ ಶೂ ಲೇಸು. ಇಷ್ಟು ಸಣ್ಣ ತಲೆಯೊಳಗೆ ಇಷ್ಟೆಲ್ಲ ಹೇಗೆ ಹಿಡಿಸಿತು ತಾಯೀ!

ಆಮೇಲೆ ತಜ್ಞೆ ಒಂದು ರಟ್ಟು ತೆಗೆದರು. ಅದರ ನಡುವೆ ಒಂದು ಪದವಷ್ಟೇ ಕಾಣುವಷ್ಟು ಕಿಂಡಿ. ಅದನ್ನು ಬಾವಿಯ ಪುಟದ ಮೇಲಿಟ್ಟು, ಆಗಷ್ಟೇ ಮಗಳು ಹತ್ತು ಸಲ ಹೇಳಿದ್ದ ಪದವನ್ನು ತೋರಿಸಿದರು. ನೀರು ಎನ್ನುವುದರ ಇಂಗ್ಲಿಷು. ಮಗಳು ಅಕ್ಷರಗಳ ಹೆಸರುಗಳನ್ನು ಒಂದೊಂದಾಗಿ ಸರಿಯಾಗಿಯೇ ಹೇಳಿದಳು. ಐದು ಅಕ್ಷರ. ಆದರೆ ಅವು ಒಂದಕ್ಕೊಂದು ಕೂಡಲಿಲ್ಲ. ತುಟಿ ಅಲುಗಿತು, ಕಾಲು ನೆಲ ತಿಕ್ಕಿತು, ಕಿವಿ ಕೆಂಪಾಯಿತು. ನನ್ನ ಬಾಯಿಯ ತುದಿಗೆ ಆ ಪದ ಬಂದಿತ್ತು. ತಜ್ಞೆ ಮತ್ತೆ ತುಟಿಯ ಮೇಲೆ ಬೆರಳಿಟ್ಟರು.

ಈ ಕಷ್ಟವನ್ನು ಅವಳು ದಿನವೂ ಪಡುತ್ತಿದ್ದಳು, ನನ್ನ ಎದುರಿಗೇ ಕೂತು ಪಡುತ್ತಿದ್ದಳು. ನಾನು "ಕ್ಲಾಸಿನ್ಯಾಗ ಕಣ್ಣು ಎಲ್ಲಿಡ್ತಿ, ಪೇಪರ್ ಯಾಕ ಖಾಲಿ ಬಿಡ್ತಿ" ಎಂದು ಎರಡು ಸಲ ಬೆನ್ನಿಗೆ ಗುದ್ದಿಯೂ ಇದ್ದೆ. ಅದನ್ನು ಬರೆಯಲು ನಾಚಿಕೆಯಾಗುತ್ತದೆ, ಆದರೂ ಬರೆಯುತ್ತೇನೆ. ನಮ್ಮ ಕ್ಲಾಸಿನಲ್ಲಿ ಬಾಯಿಪಾಠ ಮಾಡುವವರನ್ನು ನಾನು ಗಿಣಿಗಳು ಎಂದು ಹೀಯಾಳಿಸುತ್ತಿದ್ದೆ. ಆವತ್ತಿನಿಂದ ಆ ಮಾತು ನನ್ನ ಬಾಯಲ್ಲಿ ಬಂದಿಲ್ಲ.

ಮನೆಯಲ್ಲಿ ಗಂಡನಿಗೆ ಹೇಳಿದಾಗ ಅವರು ಮೊದಲು ನಂಬಲಿಲ್ಲ. "ಅಲ್ಲಲೇ, ಎಲ್ಲಾ ಪುಸ್ತಕಾ?" ಎಂದು ಕೈತೊಳೆದು ಬಂದು, ಮಗಳನ್ನು ಪಕ್ಕದಲ್ಲಿ ಕೂರಿಸಿಕೊಂಡು ತಾವೇ ಪುಟ ತೆರೆದರು. ಒಂದು ಪುಟ, ಎರಡು ಪುಟ, ಐದು ಪುಟ. ಕೂದಲೆಳೆಯಷ್ಟು ವ್ಯತ್ಯಾಸವನ್ನೂ ಕಬ್ಬಿಣದ ಮೇಲೆ ಬೆರಳಾಡಿಸಿ ಹಿಡಿಯುವ ಮನುಷ್ಯ. ಅವರ ಬೆರಳು ಮಗಳ ಬೆರಳ ಹಿಂದೆ ಹಿಂದೆ ಹೋಗುತ್ತಿತ್ತು. ಕೊನೆಗೆ ಪುಸ್ತಕ ಮುಚ್ಚಿ, "ನಂದು ತಪ್ಪಾತು. ದೊಡ್ಡಕ್ಯಾದ್ರ ಸರಿಹೋಗ್ತೈತಿ ಅಂದಿದ್ನಲ್ಲ, ಈಕಿ ಆಗಽ ನಮ್ಮಿಬ್ಬರಿಗಿಂತ ದೊಡ್ಡಕಿ ಅದಾಳ" ಎಂದು ಅವಳ ನೆತ್ತಿ ಸವರಿದರು.

ವರದಿ ಪರೀಕ್ಷೆಗೆ ಆರು ದಿನ ಇರುವಾಗ ಕೈಗೆ ಬಂತು. ನಾನು ಕೆಡಿಸಿದ ಭಾಗಗಳನ್ನು ಲೆಕ್ಕಕ್ಕೆ ತೆಗೆದುಕೊಂಡಿಲ್ಲ ಎಂದು ತಜ್ಞೆ ಸ್ಪಷ್ಟವಾಗಿ ಬರೆದಿದ್ದರು. ಅದನ್ನು ಓದುವಾಗ ತಲೆ ತಗ್ಗಿಸಿದೆ. ಹೊಸ ಸೆಟ್ಟಿನ ಫಲಿತಾಂಶ, ಬರವಣಿಗೆ, ಕಿಂಡಿಯ ರಟ್ಟಿನಲ್ಲಿ ಕಂಡದ್ದು, ಎಲ್ಲ ಸೇರಿ ಡಿಸ್ಲೆಕ್ಸಿಯಾ ಇದೆ ಎಂದಿತ್ತು. ಪ್ರಶ್ನೆ ಓದಿ ಹೇಳಬೇಕು, ಹೆಚ್ಚು ಸಮಯ ಕೊಡಬೇಕು, ವಾರಕ್ಕೆ ಮೂರು ದಿನ ವಿಶೇಷ ಪಾಠ ಬೇಕು. ಪ್ರಿನ್ಸಿಪಾಲ್ ಅದನ್ನು ಓದಿ ಸಹಿ ಹಾಕಿದರು. ವಿಶೇಷ ಶಿಕ್ಷಕಿ ನನ್ನ ಕೈ ಹಿಡಿದುಕೊಂಡರು. ಮಗಳು ಪರೀಕ್ಷೆ ಬರೆದಳು, ಬಾಯಲ್ಲೇ ಬರೆದಳು. ನಾಲ್ಕನೇ ಕ್ಲಾಸಿಗೆ ಪಾಸು ಎಂದು ತಿಳಿದ ದಿನ ನಾನು ಶಾಲೆಯ ಮೆಟ್ಟಿಲ ಮೇಲೆ ಕೂತು ಗೊಳೋ ಎಂದು ಅತ್ತೆ.

ಆ ದಿನ ಮೆಟ್ರೋದಲ್ಲಿ ಮನೆಗೆ ಬರುವಾಗ, ವಾರಗಳಿಂದ ಗಂಟಲಲ್ಲಿ ಸಿಕ್ಕಿಕೊಂಡಿದ್ದ ಪ್ರಶ್ನೆಯನ್ನು ಕೇಳಿದೆ. "ಓದಾಕ ಬರವಲ್ದಂತ ನನಗ ಯಾಕ ಹೇಳ್ಲಿಲ್ಲ ನೀ?"

ಅವಳಿಗೆ ಪ್ರಶ್ನೆಯೇ ವಿಚಿತ್ರವೆನಿಸಿತು. "ಓದ್ತಿದ್ನಲ್ಲವ್ವಾ. ಎಲ್ಲಾರೂ ಹಂಗ ಓದೂದಲ್ಲೇನು? ಮೊದಲ ಯಾರರೆ ಹೇಳ್ತಾರ, ಕೇಳಿ ನೆಪ್ಪಿಟಗೊಂಡು, ಆಮ್ಯಾಲೆ ಪುಸ್ತಕ ಹಿಡದು ಹೇಳೂದು."

"ಇಲ್ಲವ್ವಾ. ಉಳಿದವ್ರಿಗೆ ಅಕ್ಷರ ನೋಡಿದ್ರ ಸಾಕು, ತಿಳೀತೈತಿ. ಮೊದಲ ಕೇಳಿರಬೇಕಂತೇನಿಲ್ಲ."

ಅವಳು ನನ್ನ ಮುಖವನ್ನು ದಿಟ್ಟಿಸಿ ನೋಡಿದಳು, ತಮಾಷೆ ಮಾಡುತ್ತಿಲ್ಲ ಎಂದು ಖಾತ್ರಿ ಮಾಡಿಕೊಳ್ಳುವ ಹಾಗೆ. ಆಮೇಲೆ ದೊಡ್ಡದೊಂದು ಉಸಿರು ಬಿಟ್ಟಳು.

"ಹಂಗಾರ ಅಪ್ಪ ದಿನಾ ಪೇಪರ್ ಬಾಯಿಪಾಠ ಮಾಡೂದಿಲ್ಲೇನು? ದಿನಾ ಹೊಸಾದು ಬರತೈತಿ, ಬಂದ ಕೂಡ್ಲೆ ಓದ್ತಾನ. ಯಾವಾಗ ಕಲೀತಾನಂತ ನಾ ಹೊತ್ತು ಹುಟ್ಟೂದಕ್ಕಿಂತ ಮೊದ್ಲ ಎದ್ದು ನೋಡೀನವ್ವಾ. ಅಪ್ಪಗ ದಿನಾ ಒಂದು ಪೇಪರ್ ನೆಪ್ಪಿರತೈತಿ, ನನಗ ಇಷ್ಟಽ ಪುಸ್ತಕ. ನಾನಽ ದಡ್ಡಿ ಅನ್ಕೊಂಡಿದ್ದೆ."